ಪ್ರತಿಫಲನದಿಂದ ನೆಲೆ: ಒಳಾಂಗಣ ರೇಡಾರ್ ಕುರಿತ ಟಿಪ್ಪಣಿ

ಜಿಪಿಎಸ್ ಉಪಗ್ರಹಗಳ ಸಂಕೇತ ಸುಮಾರು 20,000 ಕಿಲೋಮೀಟರ್ ಎತ್ತರದಿಂದ ಇಳಿದು ನೆಲ ಮುಟ್ಟುವ ಹೊತ್ತಿಗೆ ತೀರಾ ಕ್ಷೀಣಿಸಿರುತ್ತದೆ. ಕಾಂಕ್ರೀಟ್ ಚಾವಣಿಯನ್ನೂ ದಾಟುವ ಶಕ್ತಿ ಅದರಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ವೈಫೈ ಸಂಕೇತದ ಬಲ ನೋಡಿ ದೂರ ಅಂದಾಜು ಮಾಡಬಹುದಾದರೂ ನಡುವೆ ಒಬ್ಬರು ಬಂದು ನಿಂತರೆ ಸಾಕು, ಬಲ ಬದಲಾಗಿ ಲೆಕ್ಕ ಕೆಡುತ್ತದೆ. ಕಟ್ಟಡದೊಳಗೆ ಸಾಧನವೊಂದು ಎಲ್ಲಿದೆ ಎಂದು ಪತ್ತೆಹಚ್ಚಲು ಇಲ್ಲಿ ನೋಡಲಿರುವುದು ಬೇರೆ ದಾರಿ: ರೇಡಾರ್ ಅಲೆಯನ್ನು ಕಳುಹಿಸುತ್ತದೆ, ಸಾಧನಕ್ಕೆ ಅಂಟಿಸಿದ ಪುಟ್ಟ ಟ್ಯಾಗ್ ಅದನ್ನು ಹಿಂದಿರುಗಿಸುತ್ತದೆ. ಟ್ಯಾಗ್ ತಾನಾಗಿ ಅಲೆ ಹೊರಡಿಸುವುದಿಲ್ಲ, ಹಾಗಾಗಿ ಅದಕ್ಕೆ ಬೇಕಾಗುವ ವಿದ್ಯುತ್ ಅತ್ಯಲ್ಪ. ಪ್ರತಿಫಲಿತ ಶಕ್ತಿಯಿಂದಲೇ ಸಂವಹನ ನಡೆಸಬಹುದೆಂದು ಎಂಜಿನಿಯರ್ ಹ್ಯಾರಿ ಸ್ಟಾಕ್‌ಮನ್ 1948ರಲ್ಲೇ ಬರೆದಿದ್ದರು.

ಮೊದಲು ದೂರ. ರೇಡಿಯೊ ಅಲೆ ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಇಷ್ಟು ಸಣ್ಣ ಕಾಲವನ್ನು ನೇರವಾಗಿ ಅಳೆಯುವುದು ಕಷ್ಟ. ಅದಕ್ಕಾಗಿ ಎಫ್‌ಎಂಸಿಡಬ್ಲ್ಯು (ಆವರ್ತನ ಬದಲಿಸುತ್ತಾ ನಿರಂತರವಾಗಿ ಅಲೆ ಕಳುಹಿಸುವ) ರೇಡಾರ್ ಒಂದು ಚೊಕ್ಕ ಉಪಾಯ ಹೂಡುತ್ತದೆ. ಕಳುಹಿಸುವ ಅಲೆಯ ಆವರ್ತನವನ್ನು ಒಂದೇ ವೇಗದಲ್ಲಿ ಏರಿಸುತ್ತಾ ಹೋಗುತ್ತದೆ; ಹೀಗೆ ಒಮ್ಮೆ ಏರುವುದನ್ನು ಚಿರ್ಪ್ ಎನ್ನುತ್ತಾರೆ. 40 ಮೈಕ್ರೊಸೆಕೆಂಡಿನಲ್ಲಿ 4 ಗಿಗಾಹರ್ಟ್ಸ್ ಏರುವ ಚಿರ್ಪ್ ಇದೆ ಎಂದುಕೊಳ್ಳಿ. ಟ್ಯಾಗ್ 3 ಮೀಟರ್ ದೂರದಲ್ಲಿದ್ದರೆ ಅಲೆ ಹೋಗಿ ಬರಲು 20 ನ್ಯಾನೊಸೆಕೆಂಡ್ ಬೇಕು. ಅಷ್ಟರಲ್ಲಿ ಹೊರಡುತ್ತಿರುವ ಅಲೆ 2 ಮೆಗಾಹರ್ಟ್ಸ್ ಮೇಲೇರಿರುತ್ತದೆ. ಹೊರಡುವ ಅಲೆಯನ್ನೂ ಮರಳಿ ಬಂದದ್ದನ್ನೂ ಬೆರೆಸಿದಾಗ ಸಿಗುವ ಈ ವ್ಯತ್ಯಾಸವೇ ಬೀಟ್ ಆವರ್ತನ. 6 ಮೀಟರಿಗೆ ಅದು 4 ಮೆಗಾಹರ್ಟ್ಸ್. ಕಾಲದ ಸಮಸ್ಯೆ ಆವರ್ತನದ ಸಮಸ್ಯೆಯಾಯಿತು. ಆವರ್ತನವನ್ನು ಬಿಡಿಸಿ ನೋಡಲು ಫೂರಿಯೆ ರೂಪಾಂತರ ಇದ್ದೇ ಇದೆ.

ಹತ್ತಿರ ಹತ್ತಿರದ ಎರಡು ವಸ್ತುಗಳನ್ನು ಬೇರ್ಪಡಿಸುವ ಸಾಮರ್ಥ್ಯ ಬ್ಯಾಂಡ್‌ವಿಡ್ತ್‌ಗೆ, ಅಂದರೆ ಚಿರ್ಪ್ ಒಟ್ಟು ಎಷ್ಟು ಆವರ್ತನ ಏರುತ್ತದೆ ಎಂಬುದಕ್ಕೆ, ಕಟ್ಟುಬಿದ್ದಿದೆ. ಬೆಳಕಿನ ವೇಗವನ್ನು ಬ್ಯಾಂಡ್‌ವಿಡ್ತ್‌ನ ಎರಡರಷ್ಟರಿಂದ ಭಾಗಿಸಿ: 250 ಮೆಗಾಹರ್ಟ್ಸ್‌ಗೆ 60 ಸೆಂಟಿಮೀಟರ್, 4 ಗಿಗಾಹರ್ಟ್ಸ್‌ಗೆ 3.75 ಸೆಂಟಿಮೀಟರ್. ಸೂತ್ರದಲ್ಲಿ ಪ್ರಸಾರದ ಶಕ್ತಿಗೆ ಜಾಗವೇ ಇಲ್ಲ ಎಂಬುದನ್ನು ಗಮನಿಸಿ. ಎಷ್ಟೇ ಬಲವಾಗಿ ಅಲೆ ಕಳುಹಿಸಿದರೂ ಈ ಅಂತರ ಕಿರಿದಾಗುವುದಿಲ್ಲ.

ಇಲ್ಲಿಯವರೆಗಿನದು ಸಲೀಸು. ನಿಜವಾದ ತೊಡಕು ಇರುವುದು ಯಾವ ಪ್ರತಿಫಲನ ಯಾರದು ಎಂದು ಗುರುತಿಸುವುದರಲ್ಲಿ. ಗೋಡೆ, ಮೇಜು, ಕಬ್ಬಿಣದ ಬೀರು ಎಲ್ಲವೂ ಅಲೆಯನ್ನು ಹಿಂದಿರುಗಿಸುತ್ತವೆ, ಅದೂ ಟ್ಯಾಗ್‌ಗಿಂತ ಎಷ್ಟೋ ಪಾಲು ಬಲವಾಗಿ. ಹೋಗುವಾಗಲೂ ಬರುವಾಗಲೂ ಅಲೆ ಹರಡಿಕೊಳ್ಳುವುದರಿಂದ ಟ್ಯಾಗ್‌ನಂಥ ಸಣ್ಣ ವಸ್ತುವಿನಿಂದ ಮರಳುವ ಶಕ್ತಿ ದೂರದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ದೂರ ಎರಡರಷ್ಟಾದರೆ ಉಳಿಯುವುದು ಹದಿನಾರನೇ ಒಂದು ಭಾಗ ಮಾತ್ರ.

ಪರಿಹಾರವನ್ನು ಹೀಗೆ ಊಹಿಸಿಕೊಳ್ಳಿ: ಝಗಮಗಿಸುವ ಸಭಾಂಗಣದಲ್ಲಿ ಒಂದೇ ಒಂದು ಮಂದ ದೀಪ ಗೊತ್ತಾದ ಲಯದಲ್ಲಿ ಮಿನುಗುತ್ತಿದ್ದರೆ ಅದನ್ನು ಹುಡುಕಲು ಲಯವೇ ಸಾಕು. ಟ್ಯಾಗ್‌ನೊಳಗಿನ ಸ್ವಿಚ್ ಪ್ರತಿಫಲನವನ್ನು ಸೆಕೆಂಡಿಗೆ, ಉದಾಹರಣೆಗೆ, 2,000 ಬಾರಿ ತೆರೆದು ಮುಚ್ಚುತ್ತದೆ. ರೇಡಾರ್ ಸಾಲಾಗಿ ಚಿರ್ಪ್‌ಗಳನ್ನು ಕಳುಹಿಸಿ, ಒಂದೊಂದು ದೂರದಲ್ಲೂ ಪ್ರತಿಫಲನ ಚಿರ್ಪ್‌ನಿಂದ ಚಿರ್ಪ್‌ಗೆ ಹೇಗೆ ಬದಲಾಯಿತು ಎಂದು ನೋಡುತ್ತದೆ. ಅಲುಗದ ಗೋಡೆಗಳೆಲ್ಲ ಸೊನ್ನೆ ಆವರ್ತನದಲ್ಲಿ ಗುಂಪುಗೂಡುತ್ತವೆ, ಟ್ಯಾಗ್ 2 ಕಿಲೋಹರ್ಟ್ಸ್‌ನಲ್ಲಿ ಒಂಟಿಯಾಗಿ ಎದ್ದು ಕಾಣುತ್ತದೆ. ನಡೆದಾಡುವವರ ಗೊಂದಲವೂ ದೂರವೇ ಉಳಿಯುತ್ತದೆ: 77 ಗಿಗಾಹರ್ಟ್ಸ್‌ನಲ್ಲಿ, ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ರೇಡಾರ್ ಕಡೆಗೆ ಬರುವವರ ಡಾಪ್ಲರ್ ಪಲ್ಲಟ (ಚಲನೆಯಿಂದ ಆಗುವ ಆವರ್ತನದ ಬದಲಾವಣೆ) ಸುಮಾರು 770 ಹರ್ಟ್ಸ್ ಮಾತ್ರ. ವೇಗವಾಗಿ ತಿರುಗುವ ಫ್ಯಾನಿನ ರೆಕ್ಕೆಗಳು ಕಿಲೋಹರ್ಟ್ಸ್ ವಲಯಕ್ಕೂ ಚಾಚಬಲ್ಲವು, ಆದರೆ ಅವುಗಳ ಗುರುತು ಅಗಲಕ್ಕೆ ಹರಡಿರುತ್ತದೆ, ಟ್ಯಾಗ್‌ನದು ಚೂಪಾಗಿರುತ್ತದೆ.

ಹಲವು ಟ್ಯಾಗ್‌ಗಳಿದ್ದರೆ ಒಂದೊಂದಕ್ಕೂ ಒಂದೊಂದು ಲಯ ಕೊಡಬಹುದು. ಆದರೆ ತೆರೆದು ಮುಚ್ಚುವ ಕ್ರಿಯೆ ಚೌಕ ತರಂಗ. ಅದರಲ್ಲಿ ಮೂರರಷ್ಟು, ಐದರಷ್ಟು ಆವರ್ತನಗಳೂ ಅಡಗಿರುತ್ತವೆ. ಒಂದಕ್ಕೆ 1 ಕಿಲೋಹರ್ಟ್ಸ್ ಕೊಟ್ಟರೆ ಇನ್ನೊಂದಕ್ಕೆ 3 ಕಿಲೋಹರ್ಟ್ಸ್ ಕೊಡಬಾರದು.

ದಿಕ್ಕಿನ ವಿಷಯ ಚುಟುಕಾಗಿ ಹೇಳುತ್ತೇನೆ. ಅಕ್ಕಪಕ್ಕದ ಆಂಟೆನಾಗಳಿಗೆ ಅಲೆ ತಲುಪುವ ಹಂತದ (ಫೇಸ್, ಅಂದರೆ ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಎಂಬುದರ) ವ್ಯತ್ಯಾಸದಿಂದ ಕೋನ ಸಿಗುತ್ತದೆ. ಟ್ಯಾಗ್ ಚಪ್ಪಟೆ ತಗಡಾದರೆ ಓರೆಯಾಗಿ ಬಂದ ಅಲೆಯನ್ನು ಕನ್ನಡಿಯಂತೆ ಆಚೆಗೆ ತಳ್ಳಿಬಿಡುತ್ತದೆ. ಆದ್ದರಿಂದ ಆಂಟೆನಾಗಳನ್ನು ಜೋಡಿ ಜೋಡಿಯಾಗಿ ಸಮ ಉದ್ದದ ತಂತುಗಳಿಂದ ಬೆಸೆದು, ಅಲೆ ಬಂದ ದಿಕ್ಕಿಗೇ ಮರಳುವಂತೆ ಮಾಡುವ ವಾನ್ ಆಟಾ ವ್ಯೂಹವನ್ನು ಬಳಸುತ್ತಾರೆ. ಅದರ ಪೇಟೆಂಟ್ 1959ರದ್ದು.

ನನ್ನ ಮಟ್ಟಿಗೆ ಅತ್ಯಂತ ಸೊಗಸಾದ ಭಾಗ ಬಹುಪಥದ್ದು, ಅಂದರೆ ಅಲೆ ಒಂದಕ್ಕಿಂತ ಹೆಚ್ಚು ದಾರಿಗಳಲ್ಲಿ ಸಾಗುವುದರದ್ದು. ಟ್ಯಾಗ್ 4 ಮೀಟರ್ ದೂರದಲ್ಲಿದೆ, ಗೋಡೆಗೆ ಬಡಿದು ಹೋಗುವ ದಾರಿ 6 ಮೀಟರ್ ಎಂದುಕೊಳ್ಳಿ. ನೇರ ಹೋಗಿ ನೇರ ಬಂದ ಅಲೆ 4 ಮೀಟರ್ ತೋರಿಸುತ್ತದೆ. ಒಂದು ಸಲ ನೇರ, ಇನ್ನೊಂದು ಸಲ ಗೋಡೆಯ ಮೂಲಕ ಸಾಗಿದ್ದು 5 ತೋರಿಸುತ್ತದೆ. ಎರಡೂ ಸಲ ಗೋಡೆಗೆ ಬಡಿದದ್ದು 6 ತೋರಿಸುತ್ತದೆ. ಮೂರೂ ಅದೇ ಲಯದಲ್ಲಿ ಮಿನುಗುತ್ತವೆ, ಏಕೆಂದರೆ ಮೂರೂ ಆ ಟ್ಯಾಗ್‌ನಿಂದಲೇ ಬಂದವು. ಲಯ ಗೋಡೆಯಿಂದ ಟ್ಯಾಗನ್ನು ಬೇರ್ಪಡಿಸುತ್ತದೆಯೇ ಹೊರತು ಟ್ಯಾಗ್‌ನ ಬಿಂಬಗಳಿಂದ ಟ್ಯಾಗನ್ನು ಬೇರ್ಪಡಿಸಲಾರದು. ನೇರ ದಾರಿ ತೆರೆದಿದ್ದರೆ ಉತ್ತರ ಸುಲಭ: ಅತಿ ಬಲವಾದದ್ದನ್ನಲ್ಲ, ಅತಿ ಹತ್ತಿರದ್ದನ್ನು ಆರಿಸಿ. ಕಬ್ಬಿಣದ ಬೀರುವೊಂದು ಅಡ್ಡ ನಿಂತರೆ 4 ಮತ್ತು 5 ಎರಡೂ ಅಳಿದು, 6 ಮೀಟರಿನ ಬಿಂಬವೊಂದೇ ಗೋಡೆಯ ಆಚೆಗಿದ್ದಂತೆ ಕಾಣುತ್ತದೆ. ಆಗ ಕೋಣೆಯ ನಕಾಶೆ ಕೈಯಲ್ಲಿದ್ದರೆ, ಆ ಬಿಂದುವನ್ನು ಗೋಡೆಯ ಗೆರೆಯ ಮೇಲೆ ಮಡಚಿ ಈಚೆಗೆ ತಂದರಾಯಿತು, ಟ್ಯಾಗ್‌ನ ನಿಜವಾದ ಜಾಗ ಸಿಗುತ್ತದೆ. ನಕಾಶೆ ಇಲ್ಲದಿದ್ದರೆ ಬೇರೆ ಮೂಲೆಯಲ್ಲಿ ಎರಡನೇ ರೇಡಾರ್ ಇಟ್ಟು, ಟ್ಯಾಗ್ ಅದಕ್ಕೆ ನೇರವಾಗಿ ಕಾಣುತ್ತದೆಯೇ ಎಂದು ನೋಡಬೇಕಾಗುತ್ತದೆ.