ಹೈಬ್ರಿಡ್ ಗಿಟಾರ್ ಆಂಪ್ಲಿಫೈಯರ್: ವಾಲ್ವ್ ಎಲ್ಲಿದೆ, ಎಷ್ಟು ವೋಲ್ಟಿನಲ್ಲಿದೆ?

ಗಿಟಾರ್ ಆಂಪ್ಲಿಫೈಯರಿನೊಳಗೆ ನಡೆಯುವುದು ಮುಖ್ಯವಾಗಿ ಎರಡು ಕೆಲಸ. ತಂತಿಗಳ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪಿನಿಂದ ಬರುವ ಅತಿ ಸಣ್ಣ ಸಂಕೇತವನ್ನು ಬೆಳೆಸಿ, ಅದರ ನಾದಗುಣವನ್ನು ತಿದ್ದಿಕೊಡುವುದು ಪ್ರೀಆಂಪಿನ ಪಾಲು. ಹಾಗೆ ಬೆಳೆದ ಸಂಕೇತಕ್ಕೆ ಸ್ಪೀಕರಿನ ಕೋನನ್ನು ಅಲುಗಿಸುವಷ್ಟು ಶಕ್ತಿ ತುಂಬುವುದು ಪವರ್ ಆಂಪಿನ ಪಾಲು. ಇವೆರಡರಲ್ಲಿ ಒಂದನ್ನು ವಾಲ್ವಿಗೂ (ಗಾಜಿನ ನಿರ್ವಾತ ಕೊಳವೆಗೂ) ಇನ್ನೊಂದನ್ನು ಟ್ರಾನ್ಸಿಸ್ಟರಿಗೂ ವಹಿಸಿದರೆ ಅದು ಹೈಬ್ರಿಡ್ ಎನಿಸಿಕೊಳ್ಳುತ್ತದೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಿಡಿಭಾಗ ಹುಡುಕಿ, ಹಳೆಯ ಪೆಟ್ಟಿಗೆಗಳನ್ನು ಬಿಚ್ಚಿ ಕಲಿಯುತ್ತಿರುವ ಇಲ್ಲಿನ ಕನ್ನಡದ ಗೆಳೆಯರು ಇಂಥ ಆಂಪ್ ಕೈಗೆ ಬಂದಾಗ ಮೊದಲು ಕೇಳುವುದು 'ಇದರಲ್ಲಿ ವಾಲ್ವ್ ಇದೆಯೇ' ಎಂದು. ಅದು ಅರ್ಧ ಪ್ರಶ್ನೆ ಮಾತ್ರ. ವಾಲ್ವ್ ಯಾವ ಹಂತದಲ್ಲಿದೆ, ಅದರ ಪ್ಲೇಟಿಗೆ ಎಷ್ಟು ವೋಲ್ಟ್ ಸಿಗುತ್ತಿದೆ, ಕೊನೆಯಲ್ಲಿ ಸ್ಪೀಕರನ್ನು ನಡೆಸುತ್ತಿರುವುದು ಯಾವುದು ಎಂಬ ಮೂರು ಸಂಗತಿ ತಿಳಿಯುವವರೆಗೆ ಆ ಆಂಪಿನ ಬಗ್ಗೆ ಏನೂ ಹೇಳಲಾಗದು.

ಪ್ರೀಆಂಪಿನಲ್ಲಿ ಸಾಮಾನ್ಯವಾಗಿ ಕಾಣುವ ವಾಲ್ವ್ 12ಎಎಕ್ಸ್7. ಯುರೋಪಿನವರು ಇದನ್ನೇ ಇಸಿಸಿ83 ಎನ್ನುತ್ತಾರೆ. ಒಂದೇ ಗಾಜಿನ ಕೊಳವೆಯಲ್ಲಿ ಎರಡು ಟ್ರಯೋಡ್‌ಗಳಿದ್ದು (ಕ್ಯಾಥೋಡಿನಿಂದ ಪ್ಲೇಟಿಗೆ ಹರಿಯುವ ಎಲೆಕ್ಟ್ರಾನುಗಳನ್ನು ನಡುವಿನ ಗ್ರಿಡ್ ಹತೋಟಿಯಲ್ಲಿಡುವ ಮೂರು ಭಾಗದ ವ್ಯವಸ್ಥೆಯೇ ಟ್ರಯೋಡ್), ಪ್ರತಿಯೊಂದರ ವರ್ಧನಾಂಕ 100, ಒಳರೋಧ ಸುಮಾರು 62 ಕಿಲೋ ಓಮ್. ಪ್ಲೇಟಿಗೆ 100 ಕಿಲೋ ಓಮ್‌ನ ರೆಸಿಸ್ಟರ್ ಹಾಕಿ, ಕ್ಯಾಥೋಡಿನ ರೆಸಿಸ್ಟರಿಗೆ ಕೆಪಾಸಿಟರನ್ನು ಸಮಾಂತರವಾಗಿ ಕೊಟ್ಟರೆ ಒಂದು ಹಂತದಲ್ಲಿ ಸುಮಾರು 60 ಪಟ್ಟು ವರ್ಧನೆ ದೊರೆಯುತ್ತದೆ. ಪ್ಲೇಟಿನ ಪೂರೈಕೆ 250ರಿಂದ 300 ವೋಲ್ಟ್ ಇದ್ದಾಗ ಸಂಕೇತಕ್ಕೆ ಓಡಾಡಲು ಧಾರಾಳ ಜಾಗವಿರುತ್ತದೆ. ಸಂಕೇತ ಇನ್ನೂ ದೊಡ್ಡದಾದರೆ ಅಲೆಯ ಎರಡು ಕಡೆಗಳು ಬೇರೆಬೇರೆ ಕಾರಣಕ್ಕೆ ಕತ್ತರಿಸಿಹೋಗುತ್ತವೆ: ಗ್ರಿಡ್ ತುಂಬ ಋಣವಾದಾಗ ಪ್ರವಾಹವೇ ನಿಲ್ಲುತ್ತದೆ, ಅದು ಕ್ಯಾಥೋಡಿನ ಮಟ್ಟವನ್ನು ಮುಟ್ಟಿ ಧನದ ಕಡೆಗೆ ವಾಲಿದಾಗ ಗ್ರಿಡ್ ತಾನೇ ಪ್ರವಾಹವನ್ನು ಎಳೆದುಕೊಂಡು, ಹಿಂದಿನ ಹಂತದ ಮೇಲೆ ಹೊರೆ ಹಾಕುತ್ತದೆ. ಎರಡೂ ಒಂದೇ ಬಗೆಯ ಕತ್ತರಿಸುವಿಕೆ ಅಲ್ಲವಾದ್ದರಿಂದ ಅಲೆ ಅಸಮವಾಗುತ್ತದೆ, ಮತ್ತು ಕಿವಿಗೆ ಗೊತ್ತಾಗುವುದು ಈ ಅಸಮತೆಯೇ.

ಗಿಟಾರಿನ ಐದನೆಯ ತಂತಿಯ 110 ಹರ್ಟ್ಸ್ ಅನ್ನು ಷಡ್ಜವೆಂದು ಇಟ್ಟುಕೊಂಡು ನೋಡಿದರೆ ಇದು ಸುಲಭವಾಗಿ ತಿಳಿಯುತ್ತದೆ. ಅಲೆಯ ಎರಡೂ ಕಡೆ ಸಮನಾಗಿ ಕತ್ತರಿಸಿದರೆ ಬೆಸ ಸಂಖ್ಯೆಯ ಸಂಗತಗಳು (ಹಾರ್ಮೋನಿಕ್‌ಗಳು) ಮಾತ್ರ ಹುಟ್ಟುತ್ತವೆ: 330, ಅಂದರೆ ಮೇಲಿನ ಸ್ಥಾಯಿಯ ಪಂಚಮ, 550, ಅಂದರೆ ಅದಕ್ಕೂ ಮೇಲಿನ ಸ್ಥಾಯಿಯ ಗಾಂಧಾರ. ಅಸಮವಾಗಿ ಕತ್ತರಿಸಿದರೆ ಇವುಗಳ ಜೊತೆಗೆ 220, 440ರಂಥ ಷಡ್ಜಗಳೂ ಸೇರಿಕೊಂಡು ನಾದ ತುಂಬಿಕೊಂಡಂತೆ ಕೇಳಿಸುತ್ತದೆ. ಹಾಗೆಂದು ಇದು ವಾಲ್ವಿಗೆ ಮಾತ್ರ ಸಾಧ್ಯವಾದ ಕೆಲಸವೇನಲ್ಲ. ಒಂದು ಕಡೆ ಒಂದು ಡಯೋಡ್, ಇನ್ನೊಂದು ಕಡೆ ಎರಡು ಡಯೋಡ್ ಇಟ್ಟರೂ ಅಸಮತೆ ಬರುತ್ತದೆ. ವ್ಯತ್ಯಾಸವಿರುವುದು ಕತ್ತರಿಸುವಿಕೆ ಎಷ್ಟು ನಿಧಾನವಾಗಿ ಶುರುವಾಗುತ್ತದೆ, ಬೆರಳಿನ ಒತ್ತಡಕ್ಕೆ ಹೇಗೆ ಮಣಿಯುತ್ತದೆ ಎಂಬಲ್ಲಿ.

ಅಗ್ಗದ ಹೈಬ್ರಿಡ್‌ಗಳ ಜಾಣತನ ಇಲ್ಲಿಯೇ ಅಡಗಿದೆ. ಹೆಚ್ಚು ವೋಲ್ಟೇಜಿಗೆಂದು ಪವರ್ ಟ್ರಾನ್ಸ್‌ಫಾರ್ಮರಿನಲ್ಲಿ ಬೇರೆ ಸುತ್ತು ಕೊಡುವುದು ದುಬಾರಿ. ಆದ್ದರಿಂದ ಕೆಲವು ತಯಾರಕರು ವಾಲ್ವನ್ನು 30–40 ವೋಲ್ಟಿನಲ್ಲೇ ಓಡಿಸುತ್ತಾರೆ. ಆಗ ಪ್ಲೇಟಿನ ಪ್ರವಾಹ ತೀರಾ ಕಡಿಮೆಯಾಗಿ, ಸಂಕೇತಕ್ಕೆ ಕೆಲವೇ ವೋಲ್ಟುಗಳ ಜಾಗ ಉಳಿಯುತ್ತದೆ. ನಿಜವಾದ ಓವರ್‌ಡ್ರೈವ್, ಅಂದರೆ ಅಲೆಯನ್ನು ಕತ್ತರಿಸುವ ಕೆಲಸ ಹಿಂದಿನ ಡಯೋಡ್‌ಗಳದ್ದಾಗಿದ್ದು, ವಾಲ್ವ್ ಅದಕ್ಕೆ ಸ್ವಲ್ಪ ಬಣ್ಣ ಬಳಿಯುತ್ತದೆ. ಮುಂಫಲಕದ ಕಿಂಡಿಯಲ್ಲಿ ಕೆಂಪಗೆ ಉರಿಯುವ ಕೊಳವೆ ಇದಕ್ಕೆ ಸಾಕ್ಷಿ ಹೇಳುವುದಿಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಆ ಬೆಳಕು ವಾಲ್ವಿನ ಹಿಂದಿಟ್ಟ ಎಲ್‌ಇಡಿಯದ್ದು! ಖಚಿತಪಡಿಸಿಕೊಳ್ಳಲು ಮಲ್ಟಿಮೀಟರೇ ದಾರಿ. 12ಎಎಕ್ಸ್7ರಲ್ಲಿ 1 ಮತ್ತು 6ನೆಯ ಪಿನ್ನುಗಳು ಪ್ಲೇಟ್, 2 ಮತ್ತು 7 ಗ್ರಿಡ್, 3 ಮತ್ತು 8 ಕ್ಯಾಥೋಡ್, ಉಳಿದ ಮೂರು ಹೀಟರಿನವು. ಅಳೆಯುವಾಗ ಚಾಸಿಗೆ (ಆಂಪಿನ ಲೋಹದ ಚೌಕಟ್ಟಿಗೆ) ಹಿಡಿಯದೆ 1 ಮತ್ತು 3ನೆಯ ಪಿನ್ನುಗಳ ನಡುವೆಯೇ ಹಿಡಿಯಬೇಕು, ಏಕೆಂದರೆ ಕೆಲವು ಹೈಬ್ರಿಡ್‌ಗಳು ಪವರ್ ಆಂಪಿನ ಧನ ಮತ್ತು ಋಣ ಪೂರೈಕೆಗಳೆರಡರ ನಡುವೆ ವಾಲ್ವನ್ನು ಕೂರಿಸಿರುತ್ತವೆ, ಚಾಸಿಗೆ ಹಿಡಿದರೆ ಅರ್ಧ ಲೆಕ್ಕವೇ ಸಿಗುತ್ತದೆ. 150 ವೋಲ್ಟಿನ ಮೇಲಿದ್ದರೆ ವಾಲ್ವ್ ನಿಜವಾಗಿ ದುಡಿಯುತ್ತಿದೆ ಎಂದು ತಿಳಿಯಬಹುದು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರುಗಳಲ್ಲಿ ಪ್ರಾಣಾಂತಿಕ ವೋಲ್ಟೇಜು ಉಳಿದಿರಬಹುದು. ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ನೋಡಿದ ನಂತರವೇ ಒಳಗೆ ಕೈ ಹಾಕಬೇಕು.

ಆದರೆ ನನ್ನ ದೃಷ್ಟಿಯಲ್ಲಿ ಹೈಬ್ರಿಡ್‌ನ ಹಣೆಬರಹ ನಿರ್ಧಾರವಾಗುವುದು ಪ್ರೀಆಂಪಿನಲ್ಲಲ್ಲ, ಸ್ಪೀಕರಿನ ಬಾಯಲ್ಲಿ. 8 ಓಮ್ ಎಂದು ಬರೆದಿರುವ ಸ್ಪೀಕರ್ ಎಲ್ಲ ಆವೃತ್ತಿಗಳಲ್ಲೂ 8 ಓಮ್ ಆಗಿರುವುದಿಲ್ಲ. 12 ಇಂಚಿನ ಗಿಟಾರ್ ಸ್ಪೀಕರಿನಲ್ಲಿ 75ರಿಂದ 100 ಹರ್ಟ್ಸ್‌ನ ಸುತ್ತ ಕೋನಿನ ಅನುರಣನದಿಂದ ಇಂಪೀಡೆನ್ಸ್ (ಎಸಿ ಸಂಕೇತಕ್ಕೆ ಒಡ್ಡುವ ರೋಧ) ಹಲವು ಪಟ್ಟು ಏರುತ್ತದೆ. ನಡುವೆ ಇಳಿದು, ಕೆಲವು ಸಾವಿರ ಹರ್ಟ್ಸ್ ದಾಟಿದ ಮೇಲೆ ವಾಯ್ಸ್ ಕಾಯಿಲಿನ ಇಂಡಕ್ಟನ್ಸಿನಿಂದಾಗಿ ಮತ್ತೆ ಏರುತ್ತದೆ. ವಾಲ್ವ್ ಪವರ್ ಆಂಪಿನ ಹೊರರೋಧ (ಸ್ಪೀಕರಿನ ಕಡೆಯಿಂದ ನೋಡಿದಾಗ ಕಾಣುವ ಆಂಪಿನದೇ ರೋಧ), ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಅದನ್ನು ತಗ್ಗಿಸಿಕೊಟ್ಟ ಮೇಲೂ, ಸ್ಪೀಕರಿನ ಹೊರೆಗೆ ಹೋಲಿಸಿದರೆ ದೊಡ್ಡದೇ. ಹೀಗಾಗಿ ಇಂಪೀಡೆನ್ಸ್ ಏರಿದ ಕಡೆಯಲ್ಲೆಲ್ಲ ವೋಲ್ಟೇಜೂ ಏರಿ, ಮಂದ್ರದಲ್ಲಿ ಒಂದು ಗುಮ್ಮು, ತಾರದಲ್ಲಿ ಒಂದು ಹೊಳಪು ತಾನಾಗಿಯೇ ಬರುತ್ತದೆ. ಬಲವಾದ ನೆಗೆಟಿವ್ ಫೀಡ್‌ಬ್ಯಾಕ್ (ಹೊರಹೋಗುವ ಸಂಕೇತದ ಒಂದು ಪಾಲನ್ನು ತಿದ್ದಿಕೊಳ್ಳಲು ಒಳಕ್ಕೆ ಮರಳಿಸುವುದು) ಇರುವ ಟ್ರಾನ್ಸಿಸ್ಟರ್ ಪವರ್ ಆಂಪಿಗೆ ಹೊರರೋಧ ಇಲ್ಲವೆಂದರೂ ನಡೆಯುತ್ತದೆ. ಅದು ಸ್ಪೀಕರ್ ಏನೇ ಹಟ ಹಿಡಿದರೂ ಹೇಳಿದಷ್ಟೇ ವೋಲ್ಟೇಜು ಕೊಡುತ್ತದೆ. ಹೈಫೈ ಸಂಗೀತಕ್ಕೆ ಇದು ಸದ್ಗುಣ. ಗಿಟಾರಿಗೆ ಇದೇ ಸಪ್ಪೆತನವಾಗುತ್ತದೆ, ಪ್ರೀಆಂಪಿನಲ್ಲಿ ಎಷ್ಟೇ ಒಳ್ಳೆಯ ವಾಲ್ವಿದ್ದರೂ.

ಇದಕ್ಕೆ ಪರಿಹಾರ ಆಶ್ಚರ್ಯವಾಗುವಷ್ಟು ಸರಳ. ಸ್ಪೀಕರಿನ ನೆಲದ (ಗ್ರೌಂಡ್) ತಂತಿಯಲ್ಲಿ ಒಂದು ಓಮಿಗಿಂತ ಬಹಳ ಕಡಿಮೆಯ, ಹೆಚ್ಚು ವಾಟಿನ ರೆಸಿಸ್ಟರ್ ಸೇರಿಸಿ, ಅದರ ಮೇಲೆ ಹುಟ್ಟುವ ವೋಲ್ಟೇಜನ್ನು ಫೀಡ್‌ಬ್ಯಾಕಿಗೆ ಕೊಟ್ಟರೆ ಆಂಪ್ ಈಗ ವೋಲ್ಟೇಜಿನ ಬದಲು ಪ್ರವಾಹವನ್ನು ಕಾಯುತ್ತದೆ, ಹೊರರೋಧ ಏರುತ್ತದೆ. 1990ರ ದಶಕದ ಆರಂಭದಲ್ಲಿ ಬಂದ ಮಾರ್ಷಲ್ ವಾಲ್ವ್‌ಸ್ಟೇಟ್ ಸಾಲಿನ ಆಂಪುಗಳು, ಪ್ರೀಆಂಪಿನಲ್ಲಿ ಒಂದೇ ಒಂದು ಇಸಿಸಿ83 ಇಟ್ಟುಕೊಂಡೂ ಜನಪ್ರಿಯವಾದದ್ದಕ್ಕೆ ಈ ಪ್ರವಾಹ ಫೀಡ್‌ಬ್ಯಾಕ್ ದೊಡ್ಡ ಕಾರಣವೆಂದು ನಾನು ಭಾವಿಸುತ್ತೇನೆ. ರಿಪೇರಿಗೆ ಬಂದ ಪೆಟ್ಟಿಗೆಯಲ್ಲಿ ಸ್ಪೀಕರ್ ಸಾಕೆಟ್ಟಿನ ಪಕ್ಕ ಕಪ್ಪಾದ ಬಿಳಿ ಸೆರಾಮಿಕ್ ರೆಸಿಸ್ಟರ್ ಕಂಡರೆ, ಇದೇನು ಫ್ಯೂಸಿನಂಥದ್ದು ಎಂದುಕೊಂಡು ತಂತಿಯಿಂದ ಜೋಡಿಸಿಬಿಡಬಾರದು. ಆಂಪ್ ಕೆಲಸ ಮಾಡಿದರೂ ಅದರ ಸ್ವಭಾವವೇ ಬದಲಾಗುತ್ತದೆ.

ಇದರ ತಿರುವುಮುರುವು ವ್ಯವಸ್ಥೆಯೂ ಇದೆ. ಗಿಟಾರ್ ತಯಾರಕ ಲಿಯೋ ಫೆಂಡರ್ ತಮ್ಮ ಹೆಸರಿನ ಕಂಪನಿಯನ್ನು 1965ರಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್‌ಗೆ ಮಾರಿದ ನಂತರ ಕೈಜೋಡಿಸಿದ ಮ್ಯೂಸಿಕ್ ಮ್ಯಾನ್ ಕಂಪನಿ 1970ರ ದಶಕದಲ್ಲಿ ತಂದ ಆಂಪುಗಳಲ್ಲಿ ಪ್ರೀಆಂಪ್ ಟ್ರಾನ್ಸಿಸ್ಟರುಗಳಿಂದಾದ ಆಪ್‌ಆಂಪ್ ಚಿಪ್ಪುಗಳದ್ದು, ಪವರ್ ಆಂಪ್ ವಾಲ್ವಿನದ್ದು. ದೊಡ್ಡ ಮಾದರಿಗಳಲ್ಲಿ ಪ್ಲೇಟಿಗೆ ಸುಮಾರು 700 ವೋಲ್ಟ್ ಹೋಗುತ್ತಿತ್ತು. ಮೇಲೆ ಹೇಳಿದ ಸ್ಪೀಕರಿನ ಒಡನಾಟ ಇಲ್ಲಿ ಪೂರ್ತಿ ಉಳಿಯುತ್ತದೆಯಾದ್ದರಿಂದ ತರ್ಕದ ದೃಷ್ಟಿಯಿಂದ ಇದೇ ಉತ್ತಮ ಹೈಬ್ರಿಡ್. ಆದರೆ ಭಾರವಾದ ಟ್ರಾನ್ಸ್‌ಫಾರ್ಮರ್, ಸವೆಯುವ ದುಬಾರಿ ಪವರ್ ವಾಲ್ವುಗಳು ಎರಡೂ ಉಳಿದುಬಿಡುವುದರಿಂದ ಹಣ ಉಳಿಯುವುದು ಕಡಿಮೆ, ಮಾರುಕಟ್ಟೆ ಆ ಕಡೆ ಹೋಗಲಿಲ್ಲ. ಇತ್ತೀಚಿನ ಬೆಳವಣಿಗೆಯೆಂದರೆ ಕೋರ್ಗ್ ಕಂಪನಿ 2015ರಲ್ಲಿ ನೋರಿಟಾಕೆ ಇಟ್ರಾನ್ ಜೊತೆಗೂಡಿ ಪ್ರಕಟಿಸಿದ ನ್ಯೂಟ್ಯೂಬ್: ಡಿಸ್‌ಪ್ಲೇ ಫಲಕಗಳ ತಂತ್ರಜ್ಞಾನದಿಂದ ಮಾಡಿದ ಚಪ್ಪಟೆ ಟ್ರಯೋಡ್. ಇದನ್ನು ಕಡಿಮೆ ವೋಲ್ಟಿಗೆಂದೇ ರೂಪಿಸಿರುವುದರಿಂದ 12ಎಎಕ್ಸ್7ಗೆ ಹೇಳಿದ, ಸಾಕಷ್ಟು ವೋಲ್ಟಿಲ್ಲದ ಉಪವಾಸದ ಆಕ್ಷೇಪ ಇದಕ್ಕೆ ಅನ್ವಯಿಸದು.

ಹೊರೆಯ ನಿಯಮ ಎರಡು ಜಾತಿಗೂ ಬೇರೆ. ಟ್ರಾನ್ಸ್‌ಫಾರ್ಮರ್ ಇರುವ ವಾಲ್ವ್ ಪವರ್ ಆಂಪನ್ನು ಸ್ಪೀಕರ್ ಇಲ್ಲದೆ ನುಡಿಸಿದರೆ ಪ್ರಾಥಮಿಕ ಸುತ್ತಿನಲ್ಲಿ ವೋಲ್ಟೇಜು ಚಿಮ್ಮಿ ಅದು ಸುಟ್ಟುಹೋಗಬಹುದು. ಟ್ರಾನ್ಸಿಸ್ಟರ್ ಪವರ್ ಆಂಪಿಗೆ ಸ್ಪೀಕರ್ ಇಲ್ಲದಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಆದರೆ ಹೇಳಿದ್ದಕ್ಕಿಂತ ಕಡಿಮೆ ಓಮ್ ಕೊಡಬಾರದು, ಏಕೆಂದರೆ ಅಷ್ಟೇ ವೋಲ್ಟೇಜಿಗೆ ಓಮ್ ಇಳಿದಷ್ಟೂ ಪ್ರವಾಹವೂ ವಾಟೂ ಏರುತ್ತವೆ. ನ್ಯೂಟ್ಯೂಬ್ ಇರುವ ವಾಕ್ಸ್ ಎಂವಿ50 ಎಂಬ ಪುಟ್ಟ ಆಂಪ್ 4 ಓಮ್‌ಗೆ 50 ವಾಟ್, 8 ಓಮ್‌ಗೆ 25 ವಾಟ್ ಕೊಡುವುದು ಈ ಕಾರಣಕ್ಕೆ. ವಾಟ್ ಅರ್ಧಕ್ಕೆ ಇಳಿದರೂ ಸದ್ದಿನಲ್ಲಿ ಇಳಿಯುವುದು 3 ಡೆಸಿಬೆಲ್ ಮಾತ್ರ. ಅಮೆರಿಕದಿಂದ ತಂದ 120 ವೋಲ್ಟಿನ ಆಂಪಿಗೆ ವೋಲ್ಟೇಜು ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರಷ್ಟೇ ಸಾಲದು, ಆಂಪಿನೊಳಗಿನ ಟ್ರಾನ್ಸ್‌ಫಾರ್ಮರ್ 60 ಹರ್ಟ್ಸ್‌ಗೆ ಮಾತ್ರ ಮಾಡಿದ್ದಾದರೆ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ. ಮುಂಬಯಿ, ಗೋವೆಗಳ ಉಪ್ಪುಗಾಳಿಯಲ್ಲಿ ಮಳೆಗಾಲ ಕಳೆದ ಆಂಪ್ ಕರಕರ ಎಂದರೆ ವಾಲ್ವನ್ನು ದೂರುವ ಮೊದಲು ಸಾಕೆಟ್ಟಿನ ಪಿನ್ನುಗಳನ್ನು ಶುಚಿಗೊಳಿಸಿ ನೋಡಬೇಕು.

ಕೊನೆಗೆ, ಟ್ರಾನ್ಸಿಸ್ಟರ್ ಪವರ್ ಆಂಪಿನ ಹೊರರೋಧವನ್ನು ನೀವೇ ಅಳೆಯುವ ಬಗೆ. ಮೊಬೈಲಿನಿಂದ 400 ಹರ್ಟ್ಸ್ ಸ್ವರವನ್ನು ಸಣ್ಣದಾಗಿ ಕೊಟ್ಟು, ಸ್ಪೀಕರ್ ಕಿತ್ತು, ಆ ತುದಿಗಳಲ್ಲಿ ಎಸಿ ವೋಲ್ಟೇಜು ನೋಡಿ; ನಂತರ 8 ಓಮ್‌ನ ಹೆಚ್ಚು ವಾಟಿನ ರೆಸಿಸ್ಟರ್ ಜೋಡಿಸಿ ಮತ್ತೆ ನೋಡಿ. ಮೊದಲ ಅಳತೆಯನ್ನು ಎರಡನೆಯದರಿಂದ ಭಾಗಿಸಿ, 1 ಕಳೆದು, 8ರಿಂದ ಗುಣಿಸಿದರೆ ಹೊರರೋಧ. 2 ವೋಲ್ಟ್ ಇದ್ದದ್ದು 1.9ಕ್ಕೆ ಇಳಿದರೆ ಅರ್ಧ ಓಮಿಗಿಂತ ಕಡಿಮೆ, ಅಂದರೆ ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್. 3 ವೋಲ್ಟ್ ಇದ್ದದ್ದು 1ಕ್ಕೆ ಇಳಿದರೆ 16 ಓಮ್. ಒಳಗೆ ಪ್ರವಾಹ ಫೀಡ್‌ಬ್ಯಾಕ್ ಇದೆ, ಆ ಸೆರಾಮಿಕ್ ರೆಸಿಸ್ಟರನ್ನು ಹುಡುಕಿ.