ಮೂಟೆಗಟ್ಟಲೆ ಮಾರಿದ್ದೆಲ್ಲ ಸಗಟಲ್ಲ: ವ್ಯಾಪಾರ ವಲಯದ ಅಂಕಿಅಂಶ ಓದುವ ಬಗೆ

ರಾಷ್ಟ್ರೀಯ ಆದಾಯದ ಪಾಠ ಓದುವಾಗ ಹೆಚ್ಚಿನವರು ಕೃಷಿ, ಕೈಗಾರಿಕೆಗಳ ಮೇಲೆ ಕಣ್ಣಿಟ್ಟು ವ್ಯಾಪಾರವನ್ನು ಹಾರಿಸಿಬಿಡುತ್ತಾರೆ. ಅಂಗಡಿ ಯಾರಿಗೆ ಗೊತ್ತಿಲ್ಲ ಎನ್ನುವ ಧೈರ್ಯ ಇರಬೇಕು. ಆದರೆ ವರ್ಷಕ್ಕೆ ಮೂವತ್ತು ಲಕ್ಷದ ಸರಕು ಮಾರಿದ ಅಂಗಡಿ ದೇಶದ ಆದಾಯಕ್ಕೆ ಎಷ್ಟು ಸೇರಿಸಿತು ಎಂದು ಕೇಳಿದರೆ ಅರ್ಧ ತರಗತಿ ತಡವರಿಸುತ್ತದೆ. ಯಾವುದನ್ನು ವ್ಯಾಪಾರ ಎನ್ನುತ್ತಾರೆ, ಅದಕ್ಕೆ ಬೆಲೆ ಹೇಗೆ ಕಟ್ಟುತ್ತಾರೆ ಎಂಬ ಎರಡು ಪ್ರಶ್ನೆಗಳಿಗಷ್ಟೇ ಈ ಟಿಪ್ಪಣಿ.

ಗೆರೆ ಎಳೆಯುವುದು ಗಿರಾಕಿಯ ಮೇಲೆ

ಇತ್ತೀಚಿನ ಸಮೀಕ್ಷೆಗಳು ಬಳಸಿರುವುದು ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣ 2008, ಅಂದರೆ ಎನ್‌ಐಸಿ. ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಕೈಗಾರಿಕಾ ವರ್ಗೀಕರಣ, ಅಂದರೆ ಐಎಸ್‌ಐಸಿಯ ನಾಲ್ಕನೇ ಪರಿಷ್ಕರಣೆಯ ಅಚ್ಚಿನಲ್ಲೇ ಅದನ್ನು ಮಾಡಿದ್ದಾರೆ. ಅದರ ‘ಜಿ’ ವಿಭಾಗದಲ್ಲಿ ಮೂರು ಮನೆಗಳಿವೆ: 45ರಲ್ಲಿ ಮೋಟಾರು ವಾಹನಗಳ ಮಾರಾಟ ಮತ್ತು ರಿಪೇರಿ, 46ರಲ್ಲಿ ಸಗಟು, 47ರಲ್ಲಿ ಚಿಲ್ಲರೆ. ಕೊಂಡ ಸರಕನ್ನು ರೂಪ ಬದಲಿಸದೆ ಮತ್ತೆ ಮಾರುವುದು ವ್ಯಾಪಾರ. ಅಂಗಡಿಯವರಿಗೆ, ಕಾರ್ಖಾನೆಗೆ, ಆಸ್ಪತ್ರೆಗೆ, ಹಾಸ್ಟೆಲ್ಲಿಗೆ, ಇನ್ನೊಬ್ಬ ಸಗಟುಗಾರನಿಗೆ ಮಾರಿದರೆ ಸಗಟು. ಮನೆಬಳಕೆಗೆ ಕೊಳ್ಳುವ ಸಾರ್ವಜನಿಕರಿಗೆ ಮಾರಿದರೆ ಚಿಲ್ಲರೆ.

ಪ್ರಮಾಣದ ಮಾತೇ ಇಲ್ಲಿ ಬರುವುದಿಲ್ಲ ಎಂಬುದನ್ನು ಗಮನಿಸಿ. ಮದುವೆ ಮನೆಯವರು ಐದು ಮೂಟೆ ಅಕ್ಕಿ ಕೊಂಡರೂ ಅದು ಚಿಲ್ಲರೆಯೇ. ಮೂಲೆಯ ಟೀ ಅಂಗಡಿಯವರು ಎರಡು ಕೆಜಿ ಸಕ್ಕರೆ ಒಯ್ದರೆ ಸಗಟು. ಇದು ಬರೀ ಪುಸ್ತಕದ ಮಾತಲ್ಲ. ವಿದೇಶಿ ನೇರ ಹೂಡಿಕೆಯ ನೀತಿ ‘ಕ್ಯಾಶ್ ಅಂಡ್ ಕ್ಯಾರಿ’ ಸಗಟು ವ್ಯಾಪಾರವನ್ನು ವಿವರಿಸುವಾಗಲೂ ಗಿರಾಕಿ ಎಂಥವನು ಎಂಬುದನ್ನೇ ಅಳತೆಗೋಲಾಗಿ ಹಿಡಿಯುತ್ತದೆ, ಮಾರಾಟದ ಗಾತ್ರವನ್ನಲ್ಲ. ಜರ್ಮನಿಯ ಮೆಟ್ರೋ 2003ರಲ್ಲಿ ಬೆಂಗಳೂರಿನಲ್ಲಿ ಭಾರತದ ತನ್ನ ಮೊದಲ ಮಳಿಗೆ ತೆರೆದಾಗ ವ್ಯಾಪಾರಸ್ಥರ ಕಾರ್ಡ್ ಇಲ್ಲದವರಿಗೆ ಮಾರುತ್ತಿರಲಿಲ್ಲ. ಗೋದಾಮಿನಷ್ಟು ದೊಡ್ಡ ಅಂಗಡಿ ಎಂಬ ಕಾರಣಕ್ಕೆ ಅದು ಸಗಟಾಗಲಿಲ್ಲ, ಆ ಕಾರ್ಡಿನಿಂದ ಆಯಿತು.

ರೂಪ ಬದಲಿಸದೆ ಎಂಬ ಷರತ್ತು ಇನ್ನೂ ಸೂಕ್ಷ್ಮ. ಆರಿಸುವುದು, ದರ್ಜೆ ಮಾಡುವುದು, ದೊಡ್ಡ ಮೂಟೆ ಒಡೆದು ಸಣ್ಣ ಪೊಟ್ಟಣ ಕಟ್ಟುವುದು, ದಾಸ್ತಾನು ಇಡುವುದು ಎಲ್ಲವೂ ವ್ಯಾಪಾರದೊಳಗಿನ ಕೆಲಸ. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆ ಕೊಂಡವರು ಅದನ್ನು ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬೇರ್ಪಡಿಸಿ ಹೊರಗಿನ ಊರಿನ ವ್ಯಾಪಾರಿಗಳಿಗೆ ಕಳಿಸಿದರೆ ಅದು 46ರಲ್ಲೇ ಉಳಿಯುತ್ತದೆ. ಕಾಫಿ ಪುಡಿಯ ಅಂಗಡಿ ಹಾಗಲ್ಲ. ಪುಡಿ ತರಿಸಿಕೊಂಡು ತೂಗಿ ಕೊಡುವುದು ಚಿಲ್ಲರೆ. ಬೀಜ ತಂದು ಹುರಿದು, ಕಣ್ಣೆದುರೇ ಬೀಸಿ ಕೊಡುವುದು ತಯಾರಿಕೆ, ಹುರಿಯುವುದೂ ಪುಡಿ ಮಾಡುವುದೂ ‘ಸಿ’ ವಿಭಾಗಕ್ಕೆ ಸೇರಿದ ಕೆಲಸಗಳು. ಒಂದೇ ಅಂಗಡಿ ಎರಡನ್ನೂ ಮಾಡುತ್ತಿದ್ದರೆ ಯಾವುದರಿಂದ ಹೆಚ್ಚು ಮೌಲ್ಯವರ್ಧನೆ ಬರುತ್ತದೋ ಅದೇ ಮುಖ್ಯ ಚಟುವಟಿಕೆ. ಬೀದಿಯಲ್ಲಿ ನಿಂತು ನೋಡಿದರೆ ಎರಡೂ ಕಾಫಿ ಪುಡಿ ಅಂಗಡಿಗಳೇ, ಕೋಡ್ ಮಾತ್ರ ಬೇರೆ.

ಪರೀಕ್ಷೆಗೆ ಬೇಕಾಗುವ ಇನ್ನು ಕೆಲವು ಗಡಿಗಳು: ಪೆಟ್ರೋಲ್ ಬಂಕು ವಾಹನದ 45ರಲ್ಲಿಲ್ಲ, ಚಿಲ್ಲರೆಯ 47ರಲ್ಲಿದೆ. ಬೈಕ್ ರಿಪೇರಿ ‘ಜಿ’ಯಲ್ಲಿ, ಮಿಕ್ಸಿ ಮತ್ತು ಮೊಬೈಲ್ ರಿಪೇರಿ ಇತರ ಸೇವೆಗಳ ‘ಎಸ್’ ವಿಭಾಗದಲ್ಲಿ. ದರ್ಶಿನಿಯ ಇಡ್ಲಿ ವ್ಯಾಪಾರವಲ್ಲ, ಆಹಾರ ಸೇವೆ. ಐಎಸ್‌ಐಸಿಯ ಐದನೇ ಪರಿಷ್ಕರಣೆ 45ರ ಮನೆಯನ್ನೇ ಒಡೆದು ವಾಹನ ಮಾರಾಟವನ್ನು 46, 47ಕ್ಕೂ ರಿಪೇರಿಯನ್ನು ಉಳಿದ ರಿಪೇರಿಗಳ ಜೊತೆಗೂ ಹಂಚಿದೆ. ನನ್ನ ಮಟ್ಟಿಗೆ ಇದು ಬಹಳ ಹಿಂದೆಯೇ ಆಗಬೇಕಿತ್ತು.

ಮಾರಾಟ ಬೇರೆ, ಅಂತರ ಬೇರೆ

ಅಕ್ಕಿಯನ್ನು ವ್ಯಾಪಾರಿ ಬೆಳೆದಿಲ್ಲ, ಗಿರಣಿಯೂ ಅವನದಲ್ಲ. ಹಾಗಾಗಿ ಅಕ್ಕಿಯ ಬೆಲೆ ಅವನ ಉತ್ಪನ್ನವಲ್ಲ. ಸರಕನ್ನು ಬೇಕಾದ ಕಡೆಗೆ, ಬೇಕಾದ ಹೊತ್ತಿಗೆ, ಬೇಕಾದಷ್ಟು ಒದಗಿಸಿದ ಸೇವೆ ಮಾತ್ರ ಅವನದು. ಆ ಸೇವೆಯ ಬೆಲೆಯೇ ಮಾರ್ಜಿನ್, ಅಂದರೆ ಮಾರಿದ ಬೆಲೆಗೂ ಕೊಂಡ ಬೆಲೆಗೂ ನಡುವಿನ ಅಂತರ. ರಾಷ್ಟ್ರೀಯ ಲೆಕ್ಕದಲ್ಲಿ ವ್ಯಾಪಾರದ ಉತ್ಪನ್ನ ಎಂದರೆ ಇದೇ.

ಲೆಕ್ಕ ಸುಲಭವಾಗಲೆಂದು ಒಂದು ಕಾಲ್ಪನಿಕ ದಿನಸಿ ಅಂಗಡಿ ಇಟ್ಟುಕೊಳ್ಳೋಣ. ವರ್ಷದ ಮಾರಾಟ 30 ಲಕ್ಷ, ಮಾರಲೆಂದು ಕೊಂಡದ್ದು 26 ಲಕ್ಷ. ವರ್ಷದ ಮೊದಲಿಗೆ ದಾಸ್ತಾನು 2 ಲಕ್ಷ ಇತ್ತು, ಕೊನೆಗೆ 2.5 ಲಕ್ಷ. ಕೊಂಡದ್ದರಲ್ಲಿ ಅರ್ಧ ಲಕ್ಷದ ಸರಕು ಇನ್ನೂ ಅಂಗಡಿಯಲ್ಲೇ ಇರುವುದರಿಂದ ಅದನ್ನು ಕೂಡಬೇಕು. ಉತ್ಪನ್ನ 4.5 ಲಕ್ಷ. ಇದರಲ್ಲಿ ಮಳಿಗೆ ಬಾಡಿಗೆ, ಕರೆಂಟು, ಲಗೇಜ್ ಆಟೋ, ಕೈಚೀಲಗಳ ಖರ್ಚು 1.2 ಲಕ್ಷ ಕಳೆದರೆ ಒಟ್ಟು ಮೌಲ್ಯವರ್ಧನೆ, ಅಂದರೆ ಜಿವಿಎ, 3.3 ಲಕ್ಷ. ಕೆಲಸದ ಹುಡುಗನಿಗೆ ಕೊಟ್ಟ ಸಂಬಳವನ್ನು ಇಲ್ಲಿ ಕಳೆಯುವ ಹಾಗಿಲ್ಲ. ಜಿವಿಎಯನ್ನು ಹಂಚಿಕೊಂಡವರಲ್ಲಿ ಅವನೂ ಒಬ್ಬ. ಸಂಬಳ ಕೊಟ್ಟು ಮಾಲೀಕನ ಕೈಯಲ್ಲಿ ಉಳಿದದ್ದರಲ್ಲಿ ಅವನ ದುಡಿಮೆಯ ಕೂಲಿ ಯಾವುದು, ಬಂಡವಾಳದ ಲಾಭ ಯಾವುದು ಎಂದು ಬಿಡಿಸಲಾಗದ ಕಾರಣ ಅದನ್ನು ಮಿಶ್ರ ಆದಾಯ ಎನ್ನುತ್ತಾರೆ.

ಈಗ ಕಷ್ಟದ ಭಾಗ. ಈರುಳ್ಳಿಯನ್ನು ಕೆಜಿಗೆ 20 ರೂಪಾಯಿಯಂತೆ ಕೊಂಡು ಇಟ್ಟಿದ್ದಾರೆ. ಮಾರುವ ಹೊತ್ತಿಗೆ ಸಗಟು ದರವೇ 35ಕ್ಕೆ ಏರಿದೆ. 40ಕ್ಕೆ ಮಾರಿದರು. ವ್ಯಾಪಾರಿಯ ಮನಸ್ಸಿನಲ್ಲಿ ಲಾಭ 20 ರೂಪಾಯಿ. ಅಂಕಿಅಂಶದವರ ಲೆಕ್ಕದಲ್ಲಿ ಮಾರ್ಜಿನ್ 5 ರೂಪಾಯಿ ಮಾತ್ರ, ಏಕೆಂದರೆ ಮಾರಿದ ದಿನ ಅದೇ ಸರಕನ್ನು ಮತ್ತೆ ತುಂಬಿಸಿಕೊಳ್ಳಲು ಎಷ್ಟು ಬೀಳುತ್ತಿತ್ತು ಎಂಬುದನ್ನು ಕಳೆಯಬೇಕು. ಉಳಿದ 15 ರೂಪಾಯಿ ಹಿಡಿದಿಟ್ಟ ಸರಕಿನ ಬೆಲೆ ಏರಿದ್ದರಿಂದ ಬಂದದ್ದು, ಯಾವ ಸೇವೆಯಿಂದಲೂ ಅಲ್ಲ. ವರ್ಷವೂ ಆಗುವಷ್ಟು ಕೊಳೆತು ಹೋದದ್ದನ್ನೂ ಮಾರ್ಜಿನ್ನಿನಿಂದ ಕಳೆಯುತ್ತಾರೆ. ಸಮೀಕ್ಷೆಗೆ ಹೋದಾಗ ಅಂಗಡಿಯವರು ಹೇಳುವುದು ತಾವು ಕೊಟ್ಟ ಬೆಲೆಯನ್ನು, ಹಾಗಾಗಿ ಈ ತಿದ್ದುಪಡಿ ಬರೆದಷ್ಟು ಸಲೀಸಲ್ಲ.

ಎಪಿಎಂಸಿ ಯಾರ್ಡಿನ ದಲ್ಲಾಳಿಗಳದ್ದು ಮತ್ತೊಂದು ಬಗೆ. ಸರಕು ಅವರ ಒಡೆತನಕ್ಕೆ ಬರುವುದೇ ಇಲ್ಲ, ಹರಾಜು ಮುಗಿಸಿಕೊಟ್ಟು ಕಮಿಷನ್ ತೆಗೆದುಕೊಳ್ಳುತ್ತಾರೆ. ಅವರು 46ರಲ್ಲೇ ಇದ್ದಾರೆ, ಉತ್ಪನ್ನ ಮಾತ್ರ ಬರೀ ಕಮಿಷನ್. ಬೇರೆಯವರ ಸರಕನ್ನು ತೋರಿಸಿ ಮಾರಿಸುವ ಆನ್‌ಲೈನ್ ತಾಣಗಳನ್ನೂ ಇದೇ ಕಣ್ಣಿನಿಂದ ನೋಡಿ. ತಾಣದಲ್ಲಿ ಒಟ್ಟು ಇಷ್ಟು ಕೋಟಿಯ ಸರಕು ಮಾರಾಟವಾಯಿತು ಎಂಬ ಸುದ್ದಿಗೂ ಅದರ ಉತ್ಪನ್ನಕ್ಕೂ ಬಹಳ ದೂರ.

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು, ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡದ್ದು ನೆನಪಿರಬಹುದು. ಸರಕು ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾದ ಮಿತಿ ವರ್ಷಕ್ಕೆ 40 ಲಕ್ಷ, ಅದು ವಹಿವಾಟಿನ ಮಿತಿ. ತೆರಿಗೆ ಕಾನೂನು ವಹಿವಾಟನ್ನು ನೋಡುತ್ತದೆ, ರಾಷ್ಟ್ರೀಯ ಲೆಕ್ಕ ಅಂತರವನ್ನು. ‘ನಮಗೆ ಉಳಿಯುವುದೇ ಎಷ್ಟು’ ಎಂದು ಬೇಕರಿ, ಕಾಂಡಿಮೆಂಟ್ಸ್‌ನವರು ಕೇಳಿದ್ದು ಎರಡನೆಯ ಭಾಷೆಯಲ್ಲಿ. ಒಂದೇ ಗಲ್ಲಾಪೆಟ್ಟಿಗೆಗೆ ಎರಡು ಪ್ರಾಮಾಣಿಕ ಸಂಖ್ಯೆಗಳಿರಬಹುದು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋಚುತ್ತಿಲ್ಲ.

ಅಂಕಿ ಬರುವುದೆಲ್ಲಿಂದ

ಕಂಪನಿಗಳ ಲೆಕ್ಕ ಕಂಪನಿ ವ್ಯವಹಾರ ಸಚಿವಾಲಯದ ಎಂಸಿಎ-21 ದತ್ತಾಂಶದಿಂದ ಸಿಗುತ್ತದೆ. ಇದಕ್ಕೂ ಒಂದು ತೊಡಕಿದೆ. ಕಂಪನಿಯ ಗುರುತು ಸಂಖ್ಯೆಯೊಳಗೆ ಐದು ಅಂಕಿಯ ಉದ್ಯಮ ಕೋಡ್ ಸೇರಿರುತ್ತದೆ. ತಯಾರಿಕೆ ಎಂದು ನೋಂದಾಯಿಸಿಕೊಂಡು ಆಮೇಲೆ ಬರೀ ಆಮದು ಮಾಡಿ ಮಾರುವ ಕಂಪನಿಯಾದರೆ ಹಳೆಯ ಕೋಡ್ ದಾರಿ ತಪ್ಪಿಸುತ್ತದೆ. ಜೊತೆಗೆ, 2015ರ ಜನವರಿಯಲ್ಲಿ ಬಂದ 2011-12 ಆಧಾರ ವರ್ಷದ ರಾಷ್ಟ್ರೀಯ ಲೆಕ್ಕದ ಮಾಲೆ ಒಂದೊಂದು ಘಟಕದ ಬದಲು ಇಡೀ ಉದ್ಯಮವನ್ನೇ ಹಿಡಿಯಿತು. ಮೈಸೂರಿನಲ್ಲಿ ರೇಷ್ಮೆ ಸೀರೆ ನೇಯ್ದು ತನ್ನದೇ ಶೋರೂಮುಗಳಲ್ಲಿ ಮಾರುವ, ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯಂಥ ಸಂಸ್ಥೆಯನ್ನು ನೆನೆಸಿಕೊಳ್ಳಿ. ಘಟಕವಾರು ನೋಡಿದರೆ ಶೋರೂಮು ಚಿಲ್ಲರೆ ವ್ಯಾಪಾರ, ಉದ್ಯಮವನ್ನು ಇಡಿಯಾಗಿ ನೋಡಿದರೆ ಎಲ್ಲವೂ ತಯಾರಿಕೆ. 2011-12ರ ಮಾಲೆಯನ್ನೂ ಅದಕ್ಕೂ ಹಿಂದಿನದನ್ನೂ ಇಟ್ಟುಕೊಂಡು ವ್ಯಾಪಾರದ ಪಾಲನ್ನು ಹೋಲಿಸುವ ಮುನ್ನ ಇದು ತಿಳಿದಿರಬೇಕು.

ಕಂಪನಿಯಲ್ಲದವರೇ ನಿಜವಾದ ಸಮುದ್ರ. 2015-16ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ (ಎನ್‌ಎಸ್‌ಎಸ್) 73ನೇ ಸುತ್ತಿನಲ್ಲಿ ನಿರ್ಮಾಣ ಬಿಟ್ಟು ಕೃಷಿಯೇತರ ಅಸಂಘಟಿತ ಉದ್ಯಮಗಳು ಸುಮಾರು 6.34 ಕೋಟಿ, ಅವುಗಳಲ್ಲಿ ವ್ಯಾಪಾರದವು 2.30 ಕೋಟಿ. ಈಗ ಈ ಕೆಲಸ ಮಾಡುವುದು ಎಎಸ್‌ಯುಎಸ್‌ಇ ಎಂಬ, ಕಂಪನಿಯಲ್ಲದ ಉದ್ಯಮಗಳ ವಾರ್ಷಿಕ ಸಮೀಕ್ಷೆ. ತಯಾರಿಕೆ, ವ್ಯಾಪಾರ, ಇತರ ಸೇವೆ ಸೇರಿ 2023-24ರಲ್ಲಿ 7.34 ಕೋಟಿ ಘಟಕಗಳು. ತಳ್ಳುಗಾಡಿಯವರು, ತಲೆಮೇಲೆ ಬುಟ್ಟಿ ಹೊತ್ತು ಮಾರುವವರೂ ಇದರೊಳಗಿದ್ದಾರೆ. ಖಾಯಂ ಕೂಲಿಯಾಳು ಇಲ್ಲದ ಘಟಕವನ್ನು ಸ್ವಂತ ಖಾತೆಯ ಘಟಕ ಎನ್ನುತ್ತಾರೆ. ನಮ್ಮ ಬೀದಿಗಳಲ್ಲಿ ಕಾಣುವ ಹೆಚ್ಚಿನ ಅಂಗಡಿಗಳು ಅಂಥವೇ.

ವಾರ್ಷಿಕ ಎಂಬ ಗುಣವನ್ನು ಹಗುರವಾಗಿ ಕಾಣಬೇಡಿ. 2011-12ರ ಮಾಲೆ 2010-11ರ ಸಮೀಕ್ಷೆಯನ್ನು ಬುನಾದಿಯಾಗಿಟ್ಟುಕೊಂಡು ಮುಂದಿನ ವರ್ಷಗಳನ್ನು ತೆರಿಗೆಯಂಥ ಸೂಚಕಗಳಿಂದ ಹಿಗ್ಗಿಸುತ್ತಾ ಬಂತು. ನೋಟು ರದ್ದತಿಯಲ್ಲಿ ಸಣ್ಣವರ ವ್ಯಾಪಾರ ಕುಸಿದು ಗಿರಾಕಿಗಳು ದೊಡ್ಡ ಮಳಿಗೆಗೆ ಹೋದರು ಎಂದುಕೊಳ್ಳಿ. ತೆರಿಗೆ ಕಟ್ಟುವವರ ಮಾರಾಟ ಏರುತ್ತದೆ, ಅದೇ ಸೂಚಕ ಸಣ್ಣವರೂ ಬೆಳೆದರೆಂದು ತೋರಿಸುತ್ತದೆ. ಟೀಕಾಕಾರರ ಆಕ್ಷೇಪ ಇದೇ ಆಗಿತ್ತು, ನನಗೆ ಅದು ಸರಿಯೆನಿಸುತ್ತದೆ.

ಕೊನೆಯದಾಗಿ ಗುಂಪುಗಳ ಗೊಂದಲ. ಪತ್ರಿಕೆಗಳು ‘ವ್ಯಾಪಾರ ವಲಯ ಬೆಳೆಯಿತು’ ಎಂದು ಬರೆಯುವ ತ್ರೈಮಾಸಿಕ ಸಂಖ್ಯೆಯಲ್ಲಿ ಹೋಟೆಲ್, ಸಾರಿಗೆ, ಸಂಪರ್ಕ, ಪ್ರಸಾರ ಸೇವೆಗಳೂ ಸೇರಿವೆ. ಕಾರ್ಮಿಕ ಸಮೀಕ್ಷೆಯಾದ ಪಿಎಲ್‌ಎಫ್‌ಎಸ್‌ನ ಗುಂಪಿನಲ್ಲಿ ಹೋಟೆಲ್, ರೆಸ್ಟೋರೆಂಟುಗಳು ಮಾತ್ರ ಜೊತೆಗಿವೆ. ಆದ್ದರಿಂದ ಒಂದರ ಜಿವಿಎಯನ್ನು ಇನ್ನೊಂದರ ಕೆಲಸಗಾರರ ಸಂಖ್ಯೆಯಿಂದ ಭಾಗಿಸಬೇಡಿ. ಹೊರದೇಶಗಳ ಮಾಸಿಕ ಚಿಲ್ಲರೆ ಮಾರಾಟದ ಸಂಖ್ಯೆಗಳು ಮಾರ್ಜಿನ್ ಅಲ್ಲ, ವಹಿವಾಟು. ಅವುಗಳಲ್ಲೂ ಪರಸ್ಪರ ತಾಳೆಯಿಲ್ಲ. ಅಮೆರಿಕದ ಮುಖ್ಯ ಸಂಖ್ಯೆಯಲ್ಲಿ ಕಾರು ಮಾರಾಟವೂ ರೆಸ್ಟೋರೆಂಟ್ ಬಿಲ್ಲೂ ಸೇರಿವೆ, ಬ್ರಿಟನ್ನಿನದರಲ್ಲಿ ಅವೆರಡೂ ಇಲ್ಲ, ಪೆಟ್ರೋಲ್ ಎರಡರಲ್ಲೂ ಇದೆ.