ಲಿಂಬೆಹಣ್ಣು ಸಾಧು, ಬಾಟಲಿಯ ಆಸಿಡ್ ರಾಕ್ಷಸ?

ವಿಜಯಪುರ ಜಿಲ್ಲೆಯ ಇಂಡಿ ಲಿಂಬೆಗೆ ಹೆಸರುವಾಸಿ. ಉಪ್ಪಿನಕಾಯಿಗೆ, ಶರಬತ್ತಿಗೆ ಬೇರೆ ಹಣ್ಣು ಬೇಡ. ಆದರೆ ಅದನ್ನೇ ಅರ್ಧ ಕೊಯ್ದು ಮುಖಕ್ಕೆ ತಿಕ್ಕಿಕೊಂಡರೆ ಸುಕ್ಕು, ಕಲೆ ಎಲ್ಲಾ ಹೋಗುತ್ತವೆ ಅನ್ನುವ ಸಲಹೆ ನಮ್ಮ ಕಡೆ ಮನೆಮನೆಯಲ್ಲಿ ಸಿಗುತ್ತದೆ. ಅದೇ ಮನೆಯಲ್ಲಿ ಸೊಸೆ ಮುಖಕ್ಕೆ ಹಚ್ಚುವ ಗ್ಲೈಕಾಲಿಕ್ ಆಸಿಡ್ ಬಾಟಲಿ ತಂದಿಟ್ಟರೆ, "ಅಯ್ಯ ಯವ್ವಾ, ಮಾರಿಗಿ ಆಸಿಡ್ ಹಚ್ಕೊಂತಿಯೇನ?" ಅಂತ ಅತ್ತೆಗೆ ಗಾಬರಿ.

ಗಾಬರಿ ಆಗಬೇಕಾದದ್ದು ಲಿಂಬೆ ಕಂಡು. ಹುಳಿಯನ್ನು ಅಳೆಯುವ ಅಂಕೆ ಪಿಎಚ್. ಲಿಂಬೆರಸದ ಪಿಎಚ್ ಸುಮಾರು 2ರಿಂದ 2.5. ಮುಖಕ್ಕೆಂದು ಸರಿಯಾಗಿ ತಯಾರಿಸಿದ ಆಸಿಡ್ ದ್ರವದ್ದು 3.5ರಿಂದ 4ರ ಆಸುಪಾಸು. ಪಿಎಚ್ ಒಂದು ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಅಂದರೆ ಬಾಟಲಿಗಿಂತ ಲಿಂಬೆಯೇ ಹತ್ತಾರು ಪಟ್ಟು ಹುಳಿ. ಸಾಲದ್ದಕ್ಕೆ ಲಿಂಬೆಯಲ್ಲಿ ಫ್ಯೂರಾನೊಕುಮರಿನ್ ಅನ್ನುವ ವಸ್ತುಗಳಿವೆ. ಇವು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟಂಥ ಗಾಯ ಆಗುತ್ತದೆ. ಅದೂ ತಕ್ಷಣ ಅಲ್ಲ, ಒಂದೆರಡು ದಿನ ಬಿಟ್ಟು. ಹಾಗಾಗಿ ಯಾರೂ ಲಿಂಬೆಯನ್ನು ಬೈಯುವುದಿಲ್ಲ, ಬಿಸಿಲನ್ನು ಬೈಯುತ್ತಾರೆ.

ಈ ಆಸಿಡ್‌ಗಳು ಚರ್ಮವನ್ನು ಕರಗಿಸುತ್ತವೆ ಅನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. ನಮ್ಮ ಚರ್ಮದ ಮೇಲ್ಪದರದಲ್ಲಿ ಸತ್ತ ಕೋಶಗಳ ಹದಿನೈದು ಇಪ್ಪತ್ತು ಪದರಗಳಿವೆ. ನಮ್ಮ ಅಜ್ಜಿಯರು ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಕೌದಿಯ ಹಾಗೆ. ಕೌದಿಯನ್ನು ಹಿಡಿದಿಡುವುದು ಬಟ್ಟೆ ಅಲ್ಲ, ಹೊಲಿಗೆ. ಇಲ್ಲೂ ಪದರಗಳ ನಡುವೆ ಪ್ರೊಟೀನಿನ ಹೊಲಿಗೆಗಳಿವೆ. ಅವು ತಾವಾಗಿಯೇ ಸಡಿಲವಾಗುತ್ತವೆ. ಮೇಲಿನ ಪದರ ಉದುರುತ್ತದೆ, ಕೆಳಗಿನಿಂದ ಹೊಸದು ಬರುತ್ತದೆ. ವಯಸ್ಸಾದಂತೆ ಈ ಕೆಲಸ ನಿಧಾನ. ಹರೆಯದವರಲ್ಲಿ ಈ ಸತ್ತ ಪದರ ಪೂರ್ತಿ ಬದಲಾಗಲು ಸುಮಾರು 20 ದಿನ ಬೇಕಾದರೆ, ವಯಸ್ಸಾದವರಲ್ಲಿ 30 ದಿನ ದಾಟುತ್ತದೆ. ಹಳೇ ಪದರ ಅಲ್ಲೇ ಕೂರುತ್ತದೆ, ಮುಖ ಮಂಕಾಗಿ, ಒರಟಾಗಿ ಕಾಣುತ್ತದೆ. ಗ್ಲೈಕಾಲಿಕ್, ಲ್ಯಾಕ್ಟಿಕ್ ಆಸಿಡ್ ಆ ಹೊಲಿಗೆಯನ್ನು ಸಡಿಲಿಸುತ್ತವೆ, ಅಷ್ಟೇ.

ಹಾಗಾದರೆ ಮೊಸರು ಹಚ್ಚಿದರೆ ಸಾಕಲ್ವಾ, ಅದರಲ್ಲೂ ಲ್ಯಾಕ್ಟಿಕ್ ಆಸಿಡ್ ಇದೆ ಅಂತೀರಿ. ಇದೆ. ಆದರೆ ನನಗೆ ಬಹಳ ಇಷ್ಟವಾದ ಲೆಕ್ಕ ಇರುವುದು ಇಲ್ಲೇ. ಆಸಿಡ್ ಕಣ ಎರಡು ರೂಪದಲ್ಲಿರುತ್ತದೆ. ಹೈಡ್ರೋಜನ್ ಇಟ್ಟುಕೊಂಡಿರುವ ರೂಪ ಒಂದು, ಬಿಟ್ಟುಕೊಟ್ಟು ವಿದ್ಯುದಂಶ ಹೊತ್ತ ರೂಪ ಇನ್ನೊಂದು. ಚರ್ಮದೊಳಗೆ ಸಲೀಸಾಗಿ ಇಳಿಯುವುದು ಮೊದಲನೆಯದು ಮಾತ್ರ. ಯಾವುದು ಎಷ್ಟಿರಬೇಕು ಅಂತ ಹೇಳುವುದು ಪಿಎಚ್. ಗ್ಲೈಕಾಲಿಕ್ ಆಸಿಡ್ ಪಿಎಚ್ 3.83ರಲ್ಲಿ ಸರಿಯಾಗಿ ಅರ್ಧರ್ಧ. 3.5ಕ್ಕೆ ಇಳಿಸಿದರೆ ಮೂರರಲ್ಲಿ ಎರಡು ಪಾಲು ಕೆಲಸಕ್ಕೆ ಬರುತ್ತದೆ. 5ಕ್ಕೆ ಏರಿಸಿದರೆ ನೂರಕ್ಕೆ ಆರೇ ಪಾಲು. ಈಗ ಮೊಸರು ನೋಡಿ. ಪಿಎಚ್ 4.5ರ ಹತ್ತಿರ, ಲ್ಯಾಕ್ಟಿಕ್ ಆಸಿಡ್ ಸುಮಾರು ಶೇ. 1. ಅದರಲ್ಲಿ ಒಳಗಿಳಿಯುವ ರೂಪ ಐದರಲ್ಲಿ ಒಂದು ಪಾಲೂ ಇಲ್ಲ. ತಂಪು ಅನ್ನಿಸಬಹುದು, ಸುಕ್ಕಿಗೆ ಉಪಯೋಗ ಇಲ್ಲ. ಜೋಳದ ರೊಟ್ಟಿ ಜೊತೆ ತಿನ್ನುವುದೇ ವಾಸಿ. ಹತ್ತು ಪರ್ಸೆಂಟ್ ಅಂತ ದೊಡ್ಡದಾಗಿ ಬರೆದು ಪಿಎಚ್ ಹೇಳದ ಬಾಟಲಿಯೂ ಅರ್ಧ ಮಾತನ್ನಷ್ಟೇ ಹೇಳುತ್ತದೆ.

ಇನ್ನು ಕೆಲವು ಬಾಟಲಿಗಳ ಲೇಬಲ್ ಮೇಲಿನ ಕಬ್ಬಿನ ಚಿತ್ರ. ಕಬ್ಬಿನಲ್ಲಿ ಗ್ಲೈಕಾಲಿಕ್ ಆಸಿಡ್ ಇರುವುದು ನಿಜ, ಆದರೆ ಬಾಟಲಿಗೆ ಬರುವುದು ಹೆಚ್ಚಾಗಿ ರಾಸಾಯನಿಕ ಕಾರ್ಖಾನೆಯಿಂದ. ಮುಧೋಳದ ಕಬ್ಬಿನ ಹಾಲು ಕುಡಿಯಲಿಕ್ಕೆ ಚಂದ, ಮುಖಕ್ಕೆ ಬಳಿದುಕೊಂಡರೆ ನೊಣ ಬರುತ್ತವೆ.

ಲ್ಯಾಕ್ಟಿಕ್ ಆಸಿಡ್ ಅನ್ನು 1780ರಲ್ಲಿ ಹುಳಿ ಹಾಲಿನಿಂದ ಬೇರ್ಪಡಿಸಿದ್ದು ಸ್ವೀಡನ್ನಿನ ಔಷಧಿಕಾರ ಕಾರ್ಲ್ ವಿಲ್ಹೆಲ್ಮ್ ಶೀಲೆ. 1784ರಲ್ಲಿ ಲಿಂಬೆಜಾತಿಯ ಹಣ್ಣಿನ ರಸದಿಂದ ಸಿಟ್ರಿಕ್ ಆಸಿಡ್ ತೆಗೆದವನೂ ಅವನೇ. ಕಂಡುಹಿಡಿದದ್ದನ್ನೆಲ್ಲ ನಾಲಿಗೆಗೆ ಇಟ್ಟು ನೋಡುವ ಚಟ ಅವನಿಗಿತ್ತು. 43ನೇ ವಯಸ್ಸಿಗೇ ತೀರಿಕೊಂಡ. ಈ ಆಸಿಡ್‌ಗಳು ಚರ್ಮವೈದ್ಯರ ಕಣ್ಣಿಗೆ ಗಟ್ಟಿಯಾಗಿ ಬಿದ್ದದ್ದು 1974ರಲ್ಲಿ. ಅಮೆರಿಕದ ಸಂಶೋಧಕರಾದ ವ್ಯಾನ್ ಸ್ಕಾಟ್ ಮತ್ತು ಯು ಇವನ್ನು ಹಚ್ಚಿದ್ದು ಸುಕ್ಕಿಗಲ್ಲ, ಮೀನಿನ ಪೊರೆಯಂತೆ ಚರ್ಮ ಗಟ್ಟಿಯಾಗುವ ಇಕ್ತಿಯೋಸಿಸ್ ಕಾಯಿಲೆಗೆ. ಸೌಂದರ್ಯದ ಅಂಗಡಿಗೆ ಅದು ಬಂದದ್ದು ಆಮೇಲೆ.

ಸುಕ್ಕಿಗೆ ನಿಜವಾಗಿ ಉಪಯೋಗ ಇದೆಯಾ? ಸ್ವಲ್ಪ ಇದೆ. ಬಿಸಿಲಿಗೆ ಹಾಳಾದ ಚರ್ಮಕ್ಕೆ ಆರು ತಿಂಗಳು ಶೇ. 25ರ ಆಸಿಡ್ ಲೋಷನ್ ಹಚ್ಚಿದ 1996ರ ಒಂದು ಅಧ್ಯಯನದಲ್ಲಿ ಚರ್ಮದ ದಪ್ಪ ಸುಮಾರು ಶೇ. 25ರಷ್ಟು ಹೆಚ್ಚಿತ್ತು. ಆದರೆ ಅದು ವೈದ್ಯರ ಕಣ್ಣೆದುರು ನಡೆದದ್ದು. ಮನೆಯಲ್ಲಿ ಬಳಸಲು ಶೇ. 10ಕ್ಕಿಂತ ಜಾಸ್ತಿ ಬೇಡ, ಪಿಎಚ್ 3.5ಕ್ಕಿಂತ ಕಡಿಮೆ ಬೇಡ ಅನ್ನುವುದು ಅಮೆರಿಕದ ತಜ್ಞರ ಸಮಿತಿಯ ಮಾತು. ಸಣ್ಣ ಗೆರೆ, ಒರಟುತನ, ಮಂಕು ಬಣ್ಣ ಸುಧಾರಿಸುತ್ತವೆ. ಜೋತುಬಿದ್ದ ಕೆನ್ನೆ, ಆಳದ ಸುಕ್ಕು ಇದಕ್ಕೆ ಜಗ್ಗುವುದಿಲ್ಲ. ಬೆಳ್ಳಗಾಗುತ್ತೀರಿ ಅಂತ ಮಾರುವವರಿಂದ ದೂರ ಇರಿ.

ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಇನ್ನೊಂದು ಮುಖ್ಯ ಮಾತು ಇದೆ. ಆಸಿಡ್ ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಅದಕ್ಕೇ ರಾತ್ರಿ ಹಚ್ಚುವುದು, ಹಗಲು ಸನ್‌ಸ್ಕ್ರೀನ್ ಹಾಕುವುದು, ಹೊಲಕ್ಕೆ ಹೋಗುವವರು ಅದರ ಮೇಲೆ ಸೆರಗು, ರುಮಾಲು ಹೊದೆಯುವುದು. ಸುಕ್ಕಿಗೆ ದೊಡ್ಡ ಕಾರಣವೇ ಬಿಸಿಲು. ಅದನ್ನು ತಡೆಯದೆ ಆಸಿಡ್ ಹಚ್ಚಿದರೆ ದುಡ್ಡು ದಂಡ.

ಅರವತ್ತು ದಾಟಿದವರ ಚರ್ಮ ತೆಳು, ಒಣ. ಅವರಿಗೆ ಗ್ಲೈಕಾಲಿಕ್‌ಗಿಂತ ಶೇ. 5ರ ಲ್ಯಾಕ್ಟಿಕ್ ಮೇಲು, ಅದು ನೀರಿನಂಶವನ್ನೂ ಹಿಡಿದಿಡುತ್ತದೆ. ವಾರಕ್ಕೆ ಎರಡು ರಾತ್ರಿ ಸಾಕು. ಸುಕ್ಕಿಗೆಂದು ರೆಟಿನಾಯ್ಡ್ (ವಿಟಮಿನ್ ಎ ಬಗೆಯ) ಕ್ರೀಮ್ ಹಚ್ಚುವವರು ಅದೇ ರಾತ್ರಿ ಇದನ್ನು ಸೇರಿಸಬಾರದು. ನಮ್ಮಂಥ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದಲ್ಲಿ ಉರಿ ಎದ್ದ ಜಾಗ ಕಪ್ಪುಕಲೆಯಾಗಿ ತಿಂಗಳುಗಟ್ಟಲೆ ಉಳಿಯಬಹುದು. ಆದ್ದರಿಂದ ಚುರುಚುರು ಅಂದದ್ದು ಕೆಲವು ನಿಮಿಷದಲ್ಲಿ ನಿಲ್ಲದಿದ್ದರೆ ತೊಳೆದುಬಿಡಿ. ಮೊದಲು ಕಿವಿಯ ಹಿಂದೆ ಹಚ್ಚಿ ನೋಡಿ. ಮಗಳ ಮದುವೆ ಮುಂದಿನ ವಾರ ಇದೆ ಅಂತ ಈಗ ಶುರು ಮಾಡಬೇಡಿ, ಫಲ ಕಾಣಲು ಎರಡು ಮೂರು ತಿಂಗಳಾದರೂ ಬೇಕು.